ಪುನರುತ್ಥಾನದ ಸಾಕ್ಷಿಗಳು



ಬೆಂಗಳೂರಿನ ದಂಡು ಪ್ರದೇಶದಲ್ಲಿ ರಿಚರ್ಡ್ಸ್ ಟೌನ್ ಎಂಬ ಬಡಾವಣೆ ಇರುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಇಕ್ಕಟ್ಟಾದ ಕೇರಿಗಳಲ್ಲಿ ಸಹಸ್ರಾರು ಜನರು ಮಡಿದ ಮೇಲೆ, ಗಾಳಿ ಬೆಳಕುಗಳು ಧಾರಾಳವಾಗಿರುವ ಹೊಸ ಬಡಾವಣೆಗಳು ಬೇಕೆಂಬ ಯೋಚನೆ ಹುಟ್ಟಿತು. 1906ರಲ್ಲಿ ಮೊದಲಾದ ಫ್ರೇಸರ್ ಟೌನ್ ಆ ಯೋಚನೆಯ ಫಲ. ಅದರ ಮಗ್ಗುಲಲ್ಲಿಯೇ ರಿಚರ್ಡ್ಸ್ ಟೌನ್ ಬೆಳೆಯಿತು. ಡೇವಿಸ್ ರಸ್ತೆಯ ಪವಿತ್ರಾತ್ಮರ ದೇವಾಲಯ, 1914ರಲ್ಲಿ ಸ್ಥಾಪಿತವಾದ ಕ್ಲಾರೆನ್ಸ್ ಶಾಲೆ, ನೆರೆಯ ಬೆನ್ಸನ್ ಟೌನಿನಲ್ಲಿ ಕ್ರೈಸ್ತ ದೇವಶಾಸ್ತ್ರದ ಕಾಲೇಜು, ಅತ್ತ ಮಸೀದಿ ರಸ್ತೆಯಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಮಸೀದಿ, ಇವೆಲ್ಲ ಸ್ವಲ್ಪ ದೂರದ ನಡಿಗೆಯಲ್ಲಿಯೇ ಸಿಕ್ಕುವುವು. ಈಸ್ಟರ್ ಹಬ್ಬದ ದಿನ ಇನ್ನೂ ಕತ್ತಲಿರುವಾಗಲೇ ಈ ಬೀದಿಗಳಲ್ಲಿ ಕಾಲುಸಪ್ಪಳ ಕೇಳಿಸುವುದು. ಕನ್ನಡ, ತಮಿಳು, ಇಂಗ್ಲಿಷು ಮಾತನಾಡುವ ಕುಟುಂಬಗಳು ಬಿಳಿಯ ಬಟ್ಟೆಯುಟ್ಟು, ಮಕ್ಕಳ ಕೈಹಿಡಿದು, ಬೆಳಗಿನ ಆರಾಧನೆಗೆ ಹೊರಟಿರುತ್ತವೆ.

ಒಂದು ವರ್ಷ ಅಂಥ ಬೆಳಗಿನಲ್ಲಿ ನಮ್ಮ ನೆರೆಮನೆಯ ವೃದ್ಧರೊಬ್ಬರು ನಮ್ಮೊಡನೆ ಮಾತಿಗೆ ನಿಂತರು. ಅವರ ಬೆಳೆದ ಮಗಳು ಆ ವರ್ಷವೇ ತೀರಿಹೋಗಿದ್ದಳು. ಹಲಸೂರಿನ ಕಡೆಯ ಕಲ್ಪಳ್ಳಿಯಲ್ಲಿ ಆಕೆಯ ಸಮಾಧಿ. ಹಬ್ಬದ ವಿಷಯವಾಗಿ ಸಮಾಧಾನದ ಒಂದೆರಡು ಮಾತುಗಳನ್ನು ನಾವು ಆಡಲು ಹೋದೆವು. ಅವರು ನಮ್ಮನ್ನು ತಡೆದು, “ಸ್ವಾಮಿ, ಅದು ಸೊಗಸಾದ ಕಥೆ ಎಂದು ದಯವಿಟ್ಟು ಹೇಳಬೇಡಿ. ಸೊಗಸಾದ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ನೀವು ಓದಿದವರು. ಅದು ನಡೆದದ್ದು ಹೌದೋ ಅಲ್ಲವೋ, ಅಷ್ಟನ್ನು ಹೇಳಿ,” ಎಂದರು. ಆ ದಿನ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಕುರಿತು ಆಮೇಲೆ ಓದಿ ಆಲೋಚಿಸಿದುದನ್ನು ಈ ಭಾಷಣದಲ್ಲಿ ನಿಮ್ಮ ಮುಂದಿಡುತ್ತೇವೆ.

ಮೊದಲು ಮಾತಿನ ಅರ್ಥವನ್ನು ತಿಳಿಯೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಭಾಷಾಂತರಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಪರಿಷ್ಕರಣಗಳು ನಡೆದುವು. ಕನ್ನಡ ಕ್ರೈಸ್ತರಲ್ಲಿ ನೆಲೆನಿಂತ ಶಬ್ದ ‘ಪುನರುತ್ಥಾನ’. ಗ್ರೀಕಿನ ಮೂಲ ಶಬ್ದಕ್ಕೆ ‘ಎದ್ದು ನಿಲ್ಲುವುದು’ ಎಂದು ಅರ್ಥ. ‘ಉತ್ಥಾನ’ವೆಂಬುದು ನಮ್ಮ ಮನೆಗಳಿಗೆ ಹೊಸದಲ್ಲ. ಕಾರ್ತಿಕ ಮಾಸದಲ್ಲಿ ತುಳಸಿಗೆ ಮದುವೆ ಮಾಡುವ ಉತ್ಥಾನ ದ್ವಾದಶಿಯನ್ನು ಎಲ್ಲರೂ ಬಲ್ಲರು. ಆದಕಾರಣ ಈ ಶಬ್ದ ಕಿವಿಗೆ ಹಿತವಾಗಿದೆ. ಆದರೆ ಹಿತವಾದ ಶಬ್ದವೇ ಒಮ್ಮೊಮ್ಮೆ ಅರ್ಥವನ್ನು ಮರೆಸುವುದುಂಟು.

ಪುನರುತ್ಥಾನವು ಪುನರ್ಜನ್ಮವಲ್ಲ. ಜೀವನು ಒಂದು ದೇಹವನ್ನು ಕಳಚಿ ಇನ್ನೊಂದನ್ನು ತೊಡುವನೆಂಬುದು ಬೇರೆ ತತ್ತ್ವ. ಪುನರುತ್ಥಾನವು ಸಾವಿತ್ರಿಯು ಯಮನಿಂದ ಸತ್ಯವಾನನನ್ನು ಬಿಡಿಸಿ ತಂದಂತೆಯೂ ಅಲ್ಲ. ಹಾಗೆ ಮರಳಿ ಬಂದವನು ಆಯುಷ್ಯ ತೀರಿದ ಮೇಲೆ ಮತ್ತೆ ಸಾಯಲೇಬೇಕು. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದು. ಅದೂ ಇದಲ್ಲ. ಏಕೆಂದರೆ ವೀರನು ಸ್ವರ್ಗಕ್ಕೇರಿದರೂ ಅವನ ದೇಹವು ಕಾಳಗದ ಕಣದಲ್ಲಿಯೇ ಉಳಿಯಿತು. ಕ್ರೈಸ್ತರು ಹೇಳುವುದು ಬೇರೆ. ಶಿಲುಬೆಯ ಮೇಲೆ ಸತ್ತು ಹೂಣಲ್ಪಟ್ಟ ಯೇಸುವನ್ನು ದೇವರು ಮೂರನೆಯ ದಿನ ಎಬ್ಬಿಸಿದನು, ಸಮಾಧಿ ಬರಿದಾಯಿತು, ಇನ್ನು ಸಾವಿಲ್ಲದ ಹೊಸ ಬಗೆಯ ದೇಹದಲ್ಲಿ ಆತನು ತನ್ನವರಿಗೆ ಕಾಣಿಸಿಕೊಂಡನು, ಆತನಿಗಾದುದು ಕಡೆಗೆ ಎಲ್ಲರಿಗೂ ಆಗುವುದರ ಮೊದಲ ಫಲ ಎಂಬುದು ಅವರ ನಂಬಿಕೆ. ಹೂಳುವ ಸ್ಥಳಕ್ಕೆ ಇಂಗ್ಲಿಷಿನಲ್ಲಿರುವ ‘ಸಿಮೆಟ್ರಿ’ ಎಂಬ ಹೆಸರು ‘ಮಲಗುವ ಮನೆ’ ಎಂಬರ್ಥದ ಗ್ರೀಕು ಶಬ್ದದಿಂದ ಬಂದುದು. ಮಲಗಿದವರು ಏಳುವರೆಂಬ ನಿರೀಕ್ಷೆ ಆ ಹೆಸರಿನಲ್ಲಿಯೇ ಅಡಗಿದೆ. ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಕಲ್ಪಳ್ಳಿಯಲ್ಲಿ ಗೋರಿ ಗೋರಿಗೂ ಹೂವಿಟ್ಟು ಮೇಣದ ಬತ್ತಿ ಹಚ್ಚುವವರು ಆ ನಿರೀಕ್ಷೆಯನ್ನೇ ಬೆಳಗಿಸುತ್ತಾರೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಧರ್ಮದ ಅನೇಕ ತತ್ತ್ವಗಳು ಯಾವುದೊಂದು ದಿನದ ಘಟನೆಯನ್ನೂ ಆಶ್ರಯಿಸಿ ನಿಂತಿಲ್ಲ. ಸತ್ಯವನ್ನು ನುಡಿಯಬೇಕು, ಹಿಂಸೆ ಸಲ್ಲದು ಎಂಬ ಮಾತುಗಳನ್ನು ಯಾರು ಎಂದು ಹೇಳಿದರೆಂಬುದು ತಿಳಿಯದಿದ್ದರೂ ಆ ಮಾತುಗಳಿಗೆ ಊನವಿಲ್ಲ. ಕ್ರೈಸ್ತ ಧರ್ಮವಾದರೋ ತನ್ನ ಸರ್ವಸ್ವವನ್ನೂ ಒಂದು ಘಟನೆಯ ಮೇಲೆ ಪಣವಾಗಿ ಒಡ್ಡಿದೆ. ಕ್ರಿಸ್ತನು ಏಳದಿದ್ದ ಪಕ್ಷದಲ್ಲಿ ತನ್ನ ಬೋಧನೆಯೂ ಪೊಳ್ಳು, ಕೇಳಿದವರ ನಂಬಿಕೆಯೂ ಪೊಳ್ಳು, ತಾನು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಯಾದೇನು ಎಂಬರ್ಥದ ಮಾತನ್ನು ಪೌಲನೇ ಬರೆದಿದ್ದಾನೆ. ಆದ್ದರಿಂದ ನಮ್ಮ ವೃದ್ಧ ಮಿತ್ರರ ಪ್ರಶ್ನೆ ಅಶ್ರದ್ಧೆಯ ಪ್ರಶ್ನೆಯಲ್ಲ. ಆ ಧರ್ಮದ ಮೊದಲ ಬೋಧಕರಲ್ಲಿ ಒಬ್ಬನೇ ಎತ್ತಿದ ಪ್ರಶ್ನೆ ಅದು.

ಸಾಕ್ಷ್ಯವನ್ನು ತೂಗುವ ಬಗೆ ಯಾವುದು? ಕನ್ನಡಿಗರಾದ ನಮಗೆ ಇದನ್ನು ಕಲಿಸಿದವರಲ್ಲಿ ಬಿ. ಎಲ್. ರೈಸರು ಪ್ರಮುಖರು. ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. 1886ರಿಂದ ಮೊದಲ್ಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಶಾಸನವೊಂದು ಕೈಗೆ ಬಂದರೆ ವಿದ್ವಾಂಸರು ಏನು ಮಾಡುವರು? ಘಟನೆ ನಡೆದು ಎಷ್ಟು ಕಾಲಕ್ಕೆ ಬರೆದುದೆಂದು ಕೇಳುವರು. ಬೇರೆ ಮೂಲಗಳು ಅದನ್ನು ಸಮರ್ಥಿಸುವುವೋ ಎಂದು ನೋಡುವರು. ಬರೆಯಿಸಿದವನಿಗೆ ಅದರಿಂದ ಲಾಭವೋ ನಷ್ಟವೋ ಎಂದು ವಿಚಾರಿಸುವರು. ಸ್ತುತಿಯ ಭಾಗವನ್ನು ಬದಿಗಿಟ್ಟು ಸಂಗತಿಯ ಭಾಗವನ್ನು ತೆಗೆದುಕೊಳ್ಳುವರು. ಬೇಗೂರಿನಲ್ಲಿ ಸುಮಾರು 890ನೆಯ ಇಸವಿಯ ಒಂದು ವೀರಗಲ್ಲಿದೆ. ಬೆಂಗಳೂರಿನಲ್ಲಿ ನಡೆದ ಕಾಳಗದ ಪ್ರಸ್ತಾಪ ಅದರಲ್ಲಿದೆ. ಆ ಒಂದು ಕಲ್ಲಿನ ಆಧಾರದಿಂದ ಆ ಕಾಲಕ್ಕೆ ಬೆಂಗಳೂರೆಂಬ ಹೆಸರಿತ್ತೆಂದು ನಾವೆಲ್ಲರೂ ಒಪ್ಪಿದ್ದೇವೆ. ಇದೇ ತಕ್ಕಡಿಯಲ್ಲಿ ಪುನರುತ್ಥಾನದ ಸಾಕ್ಷ್ಯವನ್ನೂ ತೂಗಿ ನೋಡೋಣ.

ಅತ್ಯಂತ ಹಳೆಯ ಸಾಕ್ಷ್ಯವು ಸುವಾರ್ತೆಗಳಲ್ಲಿಲ್ಲ, ಒಂದು ಓಲೆಯಲ್ಲಿದೆ. ಯೇಸುವಿನ ಮರಣವಾದುದು ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ, ಬಹುಶಃ ಕ್ರಿ. ಶ. 30ರಲ್ಲಿ ಅಥವಾ 33ರಲ್ಲಿ. ಪೌಲನು ಎಫೆಸ ಪಟ್ಟಣದಿಂದ ಕೊರಿಂಥದ ಸಭೆಗೆ ಓಲೆ ಬರೆದದ್ದು 53ರಿಂದ 55ರ ಸುಮಾರಿನಲ್ಲಿ. ಅದರ ಹದಿನೈದನೆಯ ಅಧ್ಯಾಯದಲ್ಲಿ ಅವನು, ತಾನು ಪಡೆದುದನ್ನೇ ನಿಮಗೆ ಒಪ್ಪಿಸಿದ್ದೇನೆಂದು ಮೊದಲು ಮಾಡಿ, ಒಂದು ಪಟ್ಟಿಯನ್ನು ಕೊಡುತ್ತಾನೆ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು. ಪೇತ್ರನಿಗೆ ಕಾಣಿಸಿಕೊಂಡನು, ಹನ್ನೆರಡು ಮಂದಿಗೆ ಕಾಣಿಸಿಕೊಂಡನು. ಒಂದೇ ಸಮಯದಲ್ಲಿ ಐನೂರಕ್ಕೂ ಹೆಚ್ಚು ಜನರಿಗೆ ಕಾಣಿಸಿಕೊಂಡನು, ಅವರಲ್ಲಿ ಹೆಚ್ಚು ಮಂದಿ ಇನ್ನೂ ಬದುಕಿದ್ದಾರೆ. ಯಾಕೋಬನಿಗೆ, ಅಪೊಸ್ತಲರೆಲ್ಲರಿಗೆ, ಕಡೆಗೆ ತನಗೂ ಕಾಣಿಸಿಕೊಂಡನು ಎಂಬುದು ಆ ಪಟ್ಟಿಯ ಸಾರ.

‘ಪಡೆದೆನು, ಒಪ್ಪಿಸಿದೆನು’ ಎಂಬುದು ಗುರುಶಿಷ್ಯ ಪರಂಪರೆಯ ಮಾತು. ಪಾಠವನ್ನು ಬಾಯಿಂದ ಬಾಯಿಗೆ ಕೆಡದಂತೆ ಒಪ್ಪಿಸುವ ಕ್ರಮ ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. ಪೌಲನು ಇದನ್ನು ಯಾವಾಗ ಪಡೆದನು? ತಾನು ಕ್ರಿಸ್ತನ ಕಡೆಗೆ ತಿರುಗಿ ಮೂರು ವರ್ಷಗಳಾದ ಮೇಲೆ ಯೆರೂಸಲೇಮಿಗೆ ಹೋಗಿ ಪೇತ್ರನೊಡನೆ ಹದಿನೈದು ದಿನ ತಂಗಿದ್ದುದಾಗಿಯೂ, ಯೇಸುವಿನ ತಮ್ಮನಾದ ಯಾಕೋಬನನ್ನು ಕಂಡುದಾಗಿಯೂ ಗಲಾತ್ಯದವರಿಗೆ ಬರೆದ ಓಲೆಯಲ್ಲಿ ಅವನು ಹೇಳಿಕೊಂಡಿದ್ದಾನೆ. ಹೀಗಾಗಿ ಈ ಸಾಕ್ಷ್ಯದ ಬೇರು ಘಟನೆಯಿಂದ ಕೆಲವೇ ವರ್ಷಗಳ ದೂರದಲ್ಲಿದೆ ಎಂಬುದನ್ನು, ನಂಬದ ವಿದ್ವಾಂಸರಲ್ಲಿಯೂ ಹಲವರು ಒಪ್ಪುತ್ತಾರೆ. ಶತಮಾನಗಳ ಮೇಲೆ ಬೆಳೆದ ಪುರಾಣವಿದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಆ ಪಟ್ಟಿಯಲ್ಲಿರುವ ಇಬ್ಬರನ್ನು ವಿಶೇಷವಾಗಿ ಗಮನಿಸಿ. ಯಾಕೋಬನು ಯೇಸುವು ಬದುಕಿದ್ದಾಗ ಆತನನ್ನು ನಂಬಿದವನಲ್ಲ. ತಮ್ಮಂದಿರೂ ಆತನನ್ನು ನಂಬಲಿಲ್ಲವೆಂದು ಸುವಾರ್ತೆಯೇ ಹೇಳುತ್ತದೆ. ಅಂಥವನು ಆಮೇಲೆ ಯೆರೂಸಲೇಮಿನ ಸಭೆಗೆ ಮುಖಂಡನಾದನು. 62ರಲ್ಲಿ ಅವನನ್ನು ಕಲ್ಲೆಸೆದು ಕೊಂದುದನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸನು ದಾಖಲಿಸಿದ್ದಾನೆ. ಪೌಲನಾದರೋ ಈ ಪಂಥವನ್ನು ಹಿಂಸಿಸುತ್ತಿದ್ದವನು. ಪ್ರೀತಿಯವರು ಸತ್ತಾಗ ದುಃಖದಲ್ಲಿ ಅವರ ರೂಪ ಕಂಡಂತಾಗುವುದುಂಟು. ಆದರೆ ಪೌಲನಿಗೆ ಯೇಸುವಿನ ಮರಣದಿಂದ ಯಾವ ದುಃಖವೂ ಆಗಿರಲಿಲ್ಲ.

ಇನ್ನು ಸುವಾರ್ತೆಗಳು. ನಾಲ್ಕರಲ್ಲಿ ಮಾರ್ಕನದು ಹಳೆಯದು, ಸುಮಾರು 70ರ ಕಾಲದ್ದು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ನಾಲ್ಕೂ ಒಂದು ವಿಷಯದಲ್ಲಿ ಒಮ್ಮತವಾಗಿವೆ: ಸಮಾಧಿ ಬರಿದಾಗಿರುವುದನ್ನು ಮೊದಲು ಕಂಡವರು ಹೆಂಗಸರು, ಅವರಲ್ಲಿ ಮಗ್ದಲದ ಮರಿಯಳು ಮುಖ್ಯಳು. ಆ ಕಾಲದ ನ್ಯಾಯಸ್ಥಾನದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆಯಿರಲಿಲ್ಲವೆಂಬುದು ಜೋಸೆಫಸನ ಬರಹದಿಂದಲೇ ತಿಳಿಯುತ್ತದೆ. ಎರಡನೆಯ ಶತಮಾನದಲ್ಲಿ ಕೆಲ್ಸಸ್ ಎಂಬ ತಾತ್ತ್ವಿಕನು, ಇದನ್ನೆಲ್ಲ ಕಂಡವಳು ಭ್ರಾಂತಿಹಿಡಿದ ಹೆಂಗಸಲ್ಲವೇ ಎಂದು ಹಾಸ್ಯಮಾಡಿದನು. ಕಥೆಯನ್ನು ಕಟ್ಟುವವರು, ಜನರು ನಂಬಲೆಂದು, ಇಂಥ ಸಾಕ್ಷಿಗಳನ್ನು ಆರಿಸುತ್ತಿದ್ದರೇ? ಪೇತ್ರನನ್ನೋ ಯೋಹಾನನನ್ನೋ ಮೊದಲು ಕಳುಹಿಸುತ್ತಿದ್ದರು. ತಮಗೆ ನಷ್ಟವಾಗುವ ಸಂಗತಿಯನ್ನು ಅವರು ಬರೆದಿರಬೇಕಾದರೆ, ಅದು ಹಾಗೆಯೇ ನೆನಪಿನಲ್ಲಿ ಉಳಿದಿದ್ದುದೇ ಕಾರಣವೆಂದು ತೋರುತ್ತದೆ. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಪೂರ್ಣ ಹಸ್ತಪ್ರತಿಗಳು ನಾಲ್ಕನೆಯ ಶತಮಾನದವು. ಅವುಗಳಲ್ಲಿ ಗ್ರಂಥವು ಹೆಂಗಸರು ಭಯದಿಂದ ಓಡಿಹೋದರು, ಯಾರಿಗೂ ಏನನ್ನೂ ಹೇಳಲಿಲ್ಲ ಎಂಬಲ್ಲಿಗೆ ಮುಗಿಯುತ್ತದೆ. ಜಯಘೋಷಕ್ಕಾಗಿ ಬರೆದ ಮುಕ್ತಾಯ ಇದಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬಾರದು. ನಾಲ್ಕು ವೃತ್ತಾಂತಗಳು ವಿವರಗಳಲ್ಲಿ ಒಂದನ್ನೊಂದು ಹೋಲುವುದಿಲ್ಲ. ಯೋಹಾನನು ಒಬ್ಬ ಹೆಂಗಸನ್ನು ಹೆಸರಿಸುತ್ತಾನೆ, ಮತ್ತಾಯನು ಇಬ್ಬರನ್ನು, ಮಾರ್ಕನು ಮೂವರನ್ನು. ಸಮಾಧಿಯ ಬಳಿ ಕಂಡ ದೂತನು ಒಬ್ಬನೆಂದು ಒಂದು ಕಡೆ, ಇಬ್ಬರೆಂದು ಇನ್ನೊಂದು ಕಡೆ. ಯೇಸುವು ಶಿಷ್ಯರಿಗೆ ಕಾಣಿಸಿಕೊಂಡುದು ಲೂಕನಲ್ಲಿ ಯೆರೂಸಲೇಮಿನ ಸುತ್ತಮುತ್ತ, ಮತ್ತಾಯನಲ್ಲಿ ಮುಖ್ಯವಾಗಿ ಗಲಿಲಾಯದಲ್ಲಿ. ಪೌಲನ ಪಟ್ಟಿಯಲ್ಲಿ ಹೆಂಗಸರ ಹೆಸರೇ ಇಲ್ಲ, ಬರಿದಾದ ಸಮಾಧಿಯ ಮಾತೂ ಸ್ಪಷ್ಟವಾಗಿಲ್ಲ. ಒಬ್ಬರು ಇದನ್ನು ದೋಷವೆನ್ನುವರು. ಇನ್ನೊಬ್ಬರು, ಸಾಕ್ಷಿಗಳು ಮೊದಲೇ ಕೂಡಿ ಮಾತನಾಡಿಕೊಂಡಿರಲಿಲ್ಲ ಎಂಬುದಕ್ಕೆ ಇದೇ ಗುರುತೆನ್ನುವರು. ನ್ಯಾಯಸ್ಥಾನಗಳ ಪರಿಚಯವಿರುವ ಶ್ರೋತೃಗಳಿಗೆ ಇದರ ಮರ್ಮ ತಿಳಿದಿದೆ: ಮೂಲ ಸಂಗತಿಯಲ್ಲಿ ಏಕತೆ, ವಿವರದಲ್ಲಿ ಭೇದ, ಇದು ಕಣ್ಣಾರೆ ಕಂಡವರ ಹೇಳಿಕೆಯ ಸಾಮಾನ್ಯ ಲಕ್ಷಣ. ಆದರೆ ಭೇದಗಳು ಭೇದಗಳೇ. ಅವುಗಳನ್ನು ಬಲವಂತವಾಗಿ ಹೊಲಿದು ಒಂದು ಮಾಡುವುದು ಸತ್ಯಕ್ಕೆ ಸೇವೆಯಲ್ಲ.

ಹೊರಗಿನವರ ಸಾಕ್ಷ್ಯವೇನು? ಸುಮಾರು 116ರಲ್ಲಿ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸನು, ಪಿಲಾತನು ಕ್ರಿಸ್ತನನ್ನು ಕೊಲ್ಲಿಸಿದನೆಂದೂ, ಅಡಗಿದಂತಿದ್ದ ಈ ಪಂಥವು ಮತ್ತೆ ತಲೆಯೆತ್ತಿತೆಂದೂ ತಿರಸ್ಕಾರದಿಂದ ಹೇಳುತ್ತಾನೆ. ಪುನರುತ್ಥಾನದ ಮಾತನ್ನು ಅವನು ಎತ್ತುವುದಿಲ್ಲ. ಸುಮಾರು 112ರಲ್ಲಿ ಪ್ಲಿನಿ ಎಂಬ ಅಧಿಕಾರಿಯು, ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವುದಕ್ಕೆ ಮುಂಚೆ ಸೇರಿ, ಕ್ರಿಸ್ತನನ್ನು ದೇವರೆಂದು ಹಾಡುವರೆಂದು ಚಕ್ರವರ್ತಿಗೆ ಬರೆದನು. ರಿಚರ್ಡ್ಸ್ ಟೌನಿನಲ್ಲಿ ಕತ್ತಲಲ್ಲಿ ಕೇಳಿಸುವ ಕಾಲುಸಪ್ಪಳವು ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಆಕ್ಷೇಪಣೆಗಳು ಹೊಸವಲ್ಲ. ಶಿಷ್ಯರು ದೇಹವನ್ನು ಕದ್ದರೆಂಬ ವದಂತಿಯನ್ನು ಮತ್ತಾಯನ ಸುವಾರ್ತೆಯೇ ದಾಖಲಿಸಿದೆ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ರೈಮಾರಸನು ಅದನ್ನೇ ವಾದವಾಗಿ ಬೆಳೆಸಿದನು. ಆದರೆ ತಾವೇ ಕಟ್ಟಿದ ಸುಳ್ಳಿಗಾಗಿ ಹಿಂಸೆಯನ್ನೂ ಸಾವನ್ನೂ ಎದುರಿಸುವವರು ವಿರಳ. ಯೇಸುವು ಸಾಯಲಿಲ್ಲ, ಮೂರ್ಛೆಹೋಗಿದ್ದನು ಎಂದು ಕೆಲವರು ವಾದಿಸಿದರು. ಅರ್ಧಜೀವವಾಗಿ ಸಮಾಧಿಯಿಂದ ತೆವಳಿ ಬಂದವನನ್ನು ನೋಡಿ, ಇವನು ಮೃತ್ಯುಂಜಯನೆಂದು ಯಾರೂ ನಂಬಲಾರರೆಂದು ಇದಕ್ಕೆ ಉತ್ತರ ಕೊಟ್ಟವನು, ಪುನರುತ್ಥಾನವನ್ನು ಒಪ್ಪದ ಡೇವಿಡ್ ಸ್ಟ್ರೌಸನೇ. ಅವನು ತನ್ನ 1835ರ ಗ್ರಂಥದಲ್ಲಿ, ಶಿಷ್ಯರು ಕಂಡುದು ಮನಸ್ಸಿನಲ್ಲಿ ಹುಟ್ಟಿದ ದರ್ಶನವೆಂದು ವಿವರಿಸಿದನು. ಈ ವಾದ ಎಲ್ಲಕ್ಕಿಂತ ಬಲವಾದುದು. ಇದಕ್ಕೆ ಪ್ರತಿಯಾಗಿ ಹೇಳತಕ್ಕದ್ದೂ ಇದೆ. ಆ ಕಾಲದ ಯೆಹೂದ್ಯರಲ್ಲಿ ಅನೇಕರು ಲೋಕಾಂತ್ಯದಲ್ಲಿ ಎಲ್ಲರೂ ಒಟ್ಟಿಗೆ ಏಳುವರೆಂದು ನಂಬಿದ್ದರು. ನಡುಗಾಲದಲ್ಲಿ ಒಬ್ಬನೇ ಏಳುವನೆಂದು, ಅದೂ ಶಿಲುಬೆಗೇರಿ ಶಾಪಗ್ರಸ್ತನೆನಿಸಿದವನು ಏಳುವನೆಂದು ಕಾದಿದ್ದವರಿಲ್ಲ. ತಾವು ನಿರೀಕ್ಷಿಸದುದನ್ನು ಇಷ್ಟು ಜನರು ಹೇಗೆ ಕಂಡರು? ಸತ್ತವನ ಆತ್ಮ ಕಂಡಿತೆನ್ನದೆ, ಎದ್ದನೆಂದೇ ಏಕೆ ಹೇಳಿದರು?

ಅದೆಂತಿದ್ದರೂ, ಸತ್ತವರು ಏಳುವುದಿಲ್ಲವೆಂಬುದು ಮಾನವರ ಸಾರ್ವತ್ರಿಕ ಅನುಭವ; ಅದರ ಮುಂದೆ ಕೆಲವರ ಹೇಳಿಕೆ ಹಗುರ ಎಂದು 1748ರಲ್ಲಿ ಹ್ಯೂಮನು ಹೇಳಿದ ಮಾತು ಇಂದಿಗೂ ಬಲವುಳ್ಳದ್ದೇ. ನಮ್ಮ ಮಸೀದಿ ರಸ್ತೆಯ ನೆರೆಯವರೂ ಬೇರೆಯಾಗಿ ನಂಬುತ್ತಾರೆ. ಯೇಸುವನ್ನು ಅವರು ಪ್ರವಾದಿಯೆಂದು ಗೌರವಿಸುವರು, ಕಿಯಾಮತ್ತಿನ ದಿನ ಸತ್ತವರೆಲ್ಲರೂ ಏಳುವರೆಂದೂ ಒಪ್ಪುವರು. ಆದರೆ ಯೇಸುವು ಶಿಲುಬೆಯಲ್ಲಿ ಸತ್ತನೆಂಬುದನ್ನೇ ಅವರ ಪವಿತ್ರ ಗ್ರಂಥ ಅಂಗೀಕರಿಸುವುದಿಲ್ಲ.

ಹಾಗಾದರೆ ಇತಿಹಾಸವು ನಮ್ಮನ್ನು ಎಲ್ಲಿಯವರೆಗೆ ಕರೆದೊಯ್ಯಬಲ್ಲುದು? 1994ರಲ್ಲಿ ಗೆರ್ಡ್ ಲೂಡೆಮನ್ ಎಂಬ ಜರ್ಮನ್ ವಿದ್ವಾಂಸರು ಪುನರುತ್ಥಾನವನ್ನು ನಿರಾಕರಿಸಿ ಗ್ರಂಥ ಬರೆದರು. ಪೇತ್ರನಿಗೂ ಶಿಷ್ಯರಿಗೂ ಯೇಸುವಿನ ಮರಣಾನಂತರ ಆತನ ದರ್ಶನದ ಅನುಭವವಾದುದು ಮಾತ್ರ ನಿಶ್ಚಯವೆಂದು ಅವರೂ ಒಪ್ಪಿದರು. ಅದಕ್ಕೆ ಮೊದಲು, 1977ರಲ್ಲಿ, ಪಿಂಖಾಸ್ ಲಾಪಿಡೆ ಎಂಬ ಯೆಹೂದ್ಯ ವಿದ್ವಾಂಸರು ಪುನರುತ್ಥಾನವು ನಡೆದ ಘಟನೆಯೆಂದೇ ಬರೆದರು. ಆದರೂ ಅವರು ಕ್ರೈಸ್ತರಾಗಲಿಲ್ಲ, ಯೇಸುವನ್ನು ಯೆಹೂದ್ಯರ ಮೆಸ್ಸೀಯನೆಂದು ಒಪ್ಪಲಿಲ್ಲ. ಸಾಕ್ಷ್ಯವು ಒಂದೇ, ಓದಿದ ಪಂಡಿತರಿಬ್ಬರು, ಸೇರಿದ ದಡಗಳು ಎರಡು. ಬೆನ್ಸನ್ ಟೌನಿನಲ್ಲಿ 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ಕಡೆಗಳಲ್ಲಿ ಪಾದ್ರಿಗಳಾಗತಕ್ಕವರು ಗ್ರೀಕು ಮೂಲವನ್ನು ಓದುವರು. ಪಾಠಾಂತರಗಳನ್ನೂ ವಿಮರ್ಶಕರ ಆಕ್ಷೇಪಣೆಗಳನ್ನೂ ಕಲಿಯುವರು. ನಂಬಿಕೆಯು ಪರೀಕ್ಷೆಗೆ ಅಂಜಬೇಕಾಗಿಲ್ಲವೆಂಬುದಕ್ಕೆ ಅದು ನಿದರ್ಶನ.

ನಮಗೆ ತೋರುವುದಿಷ್ಟು. ಒಬ್ಬನು ಸತ್ತನು, ಕೆಲವೇ ದಿನಗಳಲ್ಲಿ ಆತನ ಚದರಿದ ಶಿಷ್ಯರು ಮತ್ತೆ ಕೂಡಿದರು, ಆತನನ್ನು ಕಂಡೆವೆಂದು ಸಾರಿದರು, ವಿರೋಧಿಯೂ ನಂಬದಿದ್ದ ತಮ್ಮನೂ ಅವರನ್ನು ಸೇರಿದರು, ಆ ಮಾತಿಗಾಗಿ ಪ್ರಾಣವನ್ನೂ ಕೊಟ್ಟರು. ಇಷ್ಟನ್ನು ಇತಿಹಾಸವು ಸಾಕಷ್ಟು ಗಟ್ಟಿಯಾಗಿ ಹೇಳಬಲ್ಲುದು. ಅವರು ಪ್ರಾಮಾಣಿಕರೆಂಬುದನ್ನೂ ಹೇಳಬಲ್ಲುದು. ಪ್ರಾಮಾಣಿಕರೂ ಭ್ರಮೆಗೊಳಗಾಗುವುದುಂಟು, ನಿಜ. ಆದರೆ ಈ ಸಾಕ್ಷಿಗಳನ್ನು ವಂಚಕರೆಂದೋ ದಡ್ಡರೆಂದೋ ತಳ್ಳಿಹಾಕುವಂತಿಲ್ಲ. ಇತಿಹಾಸವು ನಮ್ಮನ್ನು ಸಮಾಧಿಯ ಬಾಗಿಲವರೆಗೆ ಕರೆತಂದು ಅಲ್ಲಿ ನಿಲ್ಲುತ್ತದೆ. ಒಳಗೆ ಬಗ್ಗಿ ನೋಡಿ, ದೇವರು ಇದನ್ನು ಮಾಡಿದನು ಎನ್ನುವುದು ನಂಬಿಕೆಯ ಮಾತು. ದೇವರೆಂಬವನು ಇರುವನೋ, ಇದ್ದರೆ ಇಂಥದನ್ನು ಮಾಡುವಂಥವನೋ ಎಂಬ ಪ್ರಶ್ನೆಗೆ ಯಾವ ಶಾಸನವೂ ಉತ್ತರ ಕೊಡಲಾರದು. ಬಾಗಿಲವರೆಗೂ ಹೋಗದೆಯೇ ಕಟ್ಟುಕಥೆ ಎನ್ನುವವರು ಅವಸರಪಡುತ್ತಾರೆ. ಬಾಗಿಲಿನಾಚೆಯದೂ ಲೆಕ್ಕದಂತೆ ಸಿದ್ಧವಾಗಿದೆ ಎನ್ನುವವರೂ ಅವಸರಪಡುತ್ತಾರೆ.

ಮುಂದಿನ ನವೆಂಬರಿನಲ್ಲಿ ಆ ವೃದ್ಧರೊಡನೆ ನಾವೂ ಕಲ್ಪಳ್ಳಿಗೆ ಹೋಗಿದ್ದೆವು. ನಿಮಗೆ ಈಗ ಹೇಳಿದುದನ್ನೇ ಸಂಕ್ಷೇಪವಾಗಿ ಅವರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಮೊದಲು ಬಂದವರು ಹೆಂಗಸರು, ಅಳುತ್ತ ಬಂದವರು, ಅಲ್ಲವೇ?” ಎಂದು ಕೇಳಿದರು. ಹೌದೆಂದೆವು. “ಹಾಗಾದರೆ ಅಳುತ್ತ ಬಂದವನಿಗೂ ಅಲ್ಲಿ ಸ್ಥಳವಿದೆ,” ಎಂದು ಹೇಳಿ, ಗಾಳಿಗೆ ಆರಿದ್ದ ಬತ್ತಿಯನ್ನು ಮತ್ತೆ ಹಚ್ಚಿದರು. ಅದಕ್ಕೆ ಸೇರಿಸಿ ಹೇಳುವುದು ನಮ್ಮಲ್ಲಿ ಏನೂ ಇರಲಿಲ್ಲ.